ಯಾರ ಮನಿಗಿ ಹೊಂಟೀರಿ?

ಹೆಂಗಸರು ಹೊಸ್ತಿಲು ದಾಟಬೇಕಾದರೆ ಒಂದು ನೆವ ಬೇಕು. ಮದುವೆ, ಬಾಣಂತನ, ಯಾರಾದರೂ ತೀರಿಕೊಂಡದ್ದು, ಏನೂ ಇಲ್ಲದಿದ್ದರೆ ಹಿಟ್ಟಿನ ಗಿರಣಿ. ಸುಮ್ಮನೆ ಹೋಗಿಬರುವುದು ಎಂಬ ಕೆಲಸವನ್ನು ನಮ್ಮ ಕಡೆ ಕಂಡವರಿಲ್ಲ, ಎಪ್ಪತ್ತರ ದಶಕದಲ್ಲಂತೂ ಕೇಳಿದವರೂ ಇರಲಿಲ್ಲ. ಅದನ್ನು ಒಂದೇ ಒಂದು ಸಲ ಮಾಡಿದವಳು ನಾನು. ಇಂದಿಗೂ ಹಳ್ಳಿ ಬಸ್ಸಿನ ಹಾರ್ನ್ ಕೇಳಿದರೆ ನನ್ನ ಕೈ ತಾನಾಗಿಯೇ ಸೆರಗನ್ನು ಮುಖದ ಮೇಲೆ ಎಳೆಯುತ್ತದೆ.

ಬಾಗೇವಾಡಿಯಲ್ಲಿ ನಮ್ಮ ಮನೆ ಬಸ್ ನಿಲ್ದಾಣದ ಹಿಂದೆಯೇ ಇತ್ತು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಂಡಕ್ಟರ ಊರುಗಳ ಹೆಸರು ಕೂಗುವುದು ಕೇಳಿಸುತ್ತಿತ್ತು. ಒಂದು ರೊಟ್ಟಿಗೆ ಇಂಗಳೇಶ್ವರ, ಇನ್ನೊಂದಕ್ಕೆ ಅದರ ಮುಂದಿನ ಹಳ್ಳಿ. ವರ್ಷಗಟ್ಟಲೆ ಕೇಳಿಕೇಳಿ ಆ ಊರುಗಳೆಲ್ಲ ನನ್ನ ತವರುಗಳೇ ಎನಿಸಿಬಿಟ್ಟಿದ್ದವು, ನೋಡಿದ್ದು ಮಾತ್ರ ಒಂದೂ ಇಲ್ಲ. ಒಂದು ದಿನ ಸಾಲಿ ಮಾಸ್ತರರಾದ ನಮ್ಮವರಿಗೆ ಹೇಳಿದೆ: "ಬಸ್ಸಿನ್ಯಾಗ ಕುಂತು ಕಡೀತನಕಾ ಹೋಗಿ, ಅದ ಬಸ್ಸಿಗೆ ತಿರುಗಿ ಬರ್ತೇನಿ."

"ಅಲ್ಲೇನೈತಿ?"

"ಅದನ್ನ ನೋಡಾಕ ಹೋಗೂದು."

ಅವರು ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸಾಲಿಗೆ ಹೋದರು.

ನಾನು ಇಳಕಲ್ ಸೀರೆ ಉಟ್ಟೆ. ತಪ್ಪು ಶುರುವಾದದ್ದೇ ಅಲ್ಲಿ. ಬಸ್ಸಿನಲ್ಲಿ ಸೀಟಿನ ಕೆಳಗೆ ಆಡಿನ ಮರಿ, ಕಾಲಿಗೆ ಶೇಂಗಾ ಚೀಲ, ತಲೆಯ ಮೇಲೆ ಯಾರದೋ ಹೊಸ ಬುಟ್ಟಿ. ಹೊರಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಕಿಟಕಿಯಿಂದ ಕಣ್ಣು ತೆಗೆಯದೆ ಕುಳಿತಿದ್ದೆ. ಪಕ್ಕದ ಮುದುಕಿ ಎಲೆ ಅಡಿಕೆ ಕುಟ್ಟುತ್ತ ನನ್ನ ಸೀರೆಯ ಸೆರಗನ್ನು ಬೆರಳಿನಿಂದ ತಿಕ್ಕಿ ನೋಡಿದಳು.

"ಯಾರ ಮನಿಗಿ ಹೊಂಟೀರಿ ಅಕ್ಕಾರ?"

ಯಾರ ಮನೆಗೂ ಇಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನಕ್ಕು ಸುಮ್ಮನಾದೆ.

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು. "ಗೊತ್ತಾತು ಬಿಡ್ರಿ. ಇಂಥಾ ಕೆಲಸಕ್ಕ ಹೊಂಟಾಗ ಬಾಯಿ ಬಿಡಬಾರದು, ಕೂಡಿ ಬರೂದೂ ಬರೂದಿಲ್ಲ." ಹಿಂದಿನ ಸೀಟಿಗೆ ತಿರುಗಿ, "ಯವ್ವಾ, ನಮ್ಮೂರಿಗೇ ಅಂತ ಕಾಣಸ್ತೈತಿ. ಕಲ್ಲಪ್ಪನ ಮನಿಗೇ ಇರಬೇಕು" ಎಂದಳು. ಯಾವ ಕೆಲಸ, ಯಾವ ಕಲ್ಲಪ್ಪ ಎಂದು ನಾನು ಕೇಳುವಷ್ಟರಲ್ಲಿ ಆ ಸುದ್ದಿ ಡ್ರೈವರನನ್ನು ಮುಟ್ಟಿತ್ತು. ಕಡೆಯ ಹಳ್ಳಿಯಲ್ಲಿ ಬಸ್ಸು ನಿಲ್ದಾಣ ಬಿಟ್ಟು ಒಂದು ಮನೆಯ ಮುಂದೆಯೇ ನಿಂತಿತು. "ಇಳೀರಿ ಅಕ್ಕಾರ, ಬಸ್ಸ ತಿರುಗೂತನಕಾ ಸಾವಕಾಶ ಐತಿ" ಎಂದ ಕಂಡಕ್ಟರ. ಮುದುಕಿ ಆಗಲೇ ಬಾಗಿಲಲ್ಲಿ ಕೂಗುತ್ತಿದ್ದಳು: "ಗುರುಬಾಯಿ, ಬೀಗರು ಬಂದಾರ!"

ಈ ಊರಲ್ಲಿ ಹೊಸಬರನ್ನೆಲ್ಲ ಬೀಗರೆನ್ನುವ ರೂಢಿ ಇರಬೇಕು ಎಂದುಕೊಂಡೆ. ಕಾಲಿಗೆ ನೀರು ಕೊಟ್ಟರು, ಕಂಬಳಿ ಹಾಸಿದರು. ಎಂಥ ಒಳ್ಳೆಯ ಜನ! ತಟ್ಟೆಯಲ್ಲಿ ಸೂಸಲ ಬಂತು, ನೆನೆಸಿದ ಚುರಮುರಿಗೆ ಹದವಾದ ಒಗ್ಗರಣೆ. ನಾನು ಚೆನ್ನಾಗಿಯೇ ತಿಂದೆ. ಇಪ್ಪತ್ತರ ಹತ್ತಿರದ ಹುಡುಗಿಯೊಬ್ಬಳು ಹೊಸ ಸೀರೆಯಲ್ಲಿ ಚಹಾ ತಂದಳು. ಹೆಸರು ಕೇಳಿದೆ, "ಶಾಂತಾ" ಎಂದಳು. ಎಷ್ಟನೆಯ ಇಯತ್ತೆ ಓದಿದ್ದೀ ಎಂದೂ ಕೇಳಿದೆ. ತಾಯಿ ಗುರುಬಾಯಿ ಓಡಿಹೋಗಿ ಒಂದು ಮಣೆ ತಂದು ನನ್ನೆದುರಿಗೆ ಹಾಕಿ, ಹುಡುಗಿಯನ್ನು ಅದರ ಮೇಲೆ ಕೂಡಿಸಿ, ನನ್ನ ಮುಖ ನೋಡಿದಳು.

ಆ ಮಣೆ ನನಗೆ ಗೊತ್ತಿತ್ತು. ನಮ್ಮ ಮಗಳು ಸುಮಿತ್ರಾ ಹಿಂದಿನ ವರ್ಷ ಅಂಥದೇ ಮಣೆಯ ಮೇಲೆ ಕುಳಿತಿದ್ದಳು. ಬಂದವರು ತಟ್ಟೆ ಖಾಲಿ ಮಾಡಿ, ತಿಳಿಸುತ್ತೇವೆ ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ. ಗಂಡಿನವರಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ಈಗ ಅವರ ಜಾಗದಲ್ಲಿ ಕುಳಿತು, ಅವರ ಪ್ರಶ್ನೆಗಳನ್ನೇ ಕೇಳಿ, ಬಾಯಲ್ಲಿನ್ನೂ ಸೂಸಲ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಹುಡುಗಿಯ ತಂದೆ ಕಲ್ಲಪ್ಪ ಹೊಲದಿಂದ ಓಡುತ್ತ ಬಂದ. ಕಾಲಿನ ಮಣ್ಣು ಹಾಗೇ ಇತ್ತು, ತಲೆಗೆ ಪಟಕಾ ಅರ್ಧ ಸುತ್ತಿದ್ದ.

ನಾನೂ ತಿಳಿಸುತ್ತೇನೆ ಎಂದು ಎದ್ದುಬಿಡಬಹುದಿತ್ತು. ಬಸ್ಸಿನ ಹಾರ್ನ್ ಕೂಡ ಕೇಳಿಸಿತು. ಆದರೆ ಆ ತಾಯಿ ದಿನವೂ ದಾರಿ ನೋಡುತ್ತಾಳೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ನನಗ ಗಂಡು ಮಕ್ಕಳ ಇಲ್ರಿ ಅಕ್ಕಾರ" ಎಂದೆ. "ನಾ ಸುಮ್ಮನ ಬಸ್ಸಿನ್ಯಾಗ ಊರು ನೋಡಾಕ ಬಂದಾಕಿ."

ಕಲ್ಲಪ್ಪ ಸುತ್ತಿದಷ್ಟು ಪಟಕಾವನ್ನು ನಿಧಾನವಾಗಿ ಬಿಚ್ಚಿದ. ಗುರುಬಾಯಿ ಮಣೆಯನ್ನೇ ನೋಡುತ್ತ ಕೇಳಿದಳು, "ಊರು ನೋಡಾಕ? ನಮ್ಮೂರಾಗ ಏನೈತ್ರಿ ನೋಡಾಕ?" ಮಣೆಯ ಮೇಲಿದ್ದ ಶಾಂತಾ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೇ ನಕ್ಕಳು. "ಯವ್ವಾ, ಹಂಗಾದ್ರ ಈ ಸೀರಿ ಕಳೀತೇನಿ. ಎಮ್ಮಿ ಮೈ ತೊಳೀಬೇಕು." ಹೊರಡುವಾಗ ಗುರುಬಾಯಿ ಶೇಂಗಾ ಹೋಳಿಗೆಯ ಗಂಟನ್ನು ನನ್ನ ಕೈಗಿಟ್ಟಳು. "ಗಂಡು ಮಕ್ಕಳಿಲ್ಲಂದ್ರೇನಾತು, ಹೆಣ್ಣ ಮಕ್ಕಳು ತಿನ್ನೂದಿಲ್ಲೇನು?" ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಸ್ಸು ಹತ್ತಿದೊಡನೆ ಕಂಡಕ್ಟರ ಕೇಳಿದ, "ಹೂಂ ಅಂದ್ರಿಲ್ರಿ?" ಹುಡುಗಿ ಬಂಗಾರದಂಥವಳು, ಕೊರತೆ ನನ್ನ ಮನೆಯದೇ, ನನಗೆ ಮಗನೇ ಇಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಆಮೇಲೆ ಇಡೀ ಬಸ್ಸು ಬಾಗೇವಾಡಿಯ ತನಕ ನಕ್ಕಿತು, ಸೀಟಿನ ಕೆಳಗಿನ ಆಡಿನ ಮರಿಯೊಂದನ್ನು ಬಿಟ್ಟು. ಬರುವಾಗ ಜೋಳದ ಹೊಲಗಳಿದ್ದವೋ ಇಲ್ಲವೋ ನಾನು ನೋಡಲಿಲ್ಲ.

ಇಷ್ಟಾದ ಮೇಲೆ ಬುದ್ಧಿ ಬರಬೇಕಾಗಿತ್ತು. ಸ್ವಲ್ಪ ದಿನಗಳ ನಂತರ ಒಂದು ಮಧ್ಯಾಹ್ನ ಹೊಸ ಇಳಕಲ್ ಸೀರೆಯ ಹೆಂಗಸೊಬ್ಬಳು ನಮ್ಮ ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ನಕ್ಕಳು. "ಯಾರ ಮನಿಗಿ ಬಂದೀರಿ?" ಎಂದು ಕೇಳಿದೆ. ಆಕೆ ಬಾಯಿ ತೆರೆಯುವ ಮೊದಲೇ ಕಂಬಳಿ ಹಾಸಿದೆ, ಒಲೆಯ ಮೇಲೆ ಬಾಣಲೆ ಇಟ್ಟೆ, ಸುಮಿತ್ರಾಳಿಗೆ ಸೀರೆ ಬದಲಿಸಲು ಹೇಳಿದೆ, ಪಕ್ಕದ ಮನೆಯ ಹುಡುಗನನ್ನು ಸಾಲಿಗೆ ಓಡಿಸಿದೆ. ನಮ್ಮವರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಓಡಿ ಬಂದರು.

ಆಕೆ ಸೂಸಲ ಮುಗಿಸಿ, ಎದುರಿಗಿದ್ದ ಮಣೆಯನ್ನು ನೋಡಿ, ಬಹಳ ಸಂಕೋಚದಿಂದ ಹೇಳಿದಳು: "ಬಸ್ಸ ಕೆಟ್ಟು ನಿಂತೈತ್ರಿ ಅಕ್ಕಾರ. ಒಂದ ತಂಬಿಗಿ ನೀರ ಕೇಳಾಕ ಬಂದಿದ್ದೆ."

ನಮ್ಮವರು ನನ್ನ ಹಣೆ ಮುಟ್ಟಿ ನೋಡಲಿಲ್ಲ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಮತ್ತೆ ಸಾಲಿಗೆ ಹೊರಟರು. ನಾನು ಒಳಗೆ ಹೋಗಿ, ಉಳಿದಿದ್ದ ಹೋಳಿಗೆಗಳನ್ನೆಲ್ಲ ಗುರುಬಾಯಿಯ ಅದೇ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಆಕೆಯ ಕೈಗಿಟ್ಟೆ.