ಕಣ್ಣಿನ ಪರದೆಯ ಹಿಂದೆ

"ಮನೋಹರಪಂತ! ತುಮ್ಚಾ ಡೋಳಾ ಆಲಾ!"

ನಿಮ್ಮ ಕಣ್ಣು ಬಂತು, ಎಂದು ಸೊಸಾಯಿಟಿಯ ಸೆಕ್ರೆಟರಿ ಸುಹಾಸ ಕಾಳೆ ಮುಂಜಾನೆ ಪಾರ್ಕಿಂಗಿನಿಂದ ಮೂರನೆಯ ಮಹಡಿಗೆ ಕೂಗಿದ್ದೇ ತಡ, ನಿಗಡಿಯ ಆ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಮೆಂತ್ಯದ ಮೊಳಕೆಯಂತೆ ತಲೆಗಳು ಎದ್ದವು. ಬಂದದ್ದು ಕಣ್ಣಲ್ಲ, ಕಣ್ಣಿನ ರಿಪೋರ್ಟು. ಹೋದ ಭಾನುವಾರ ಕ್ಲಬ್‌ಹೌಸಿನಲ್ಲಿ ಸಕ್ಕರೆ ಕಾಯಿಲೆಯವರನ್ನೆಲ್ಲ ಸಾಲಾಗಿ ಕೂರಿಸಿ ಕಣ್ಣಿನ ಒಳಗಿನ ಫೋಟೋ ತೆಗೆದಿದ್ದರು.

ಮನೋಹರ ಇನಾಮದಾರರು ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿದರು.

"ಬಲಗಣ್ಣಿನ ಪರದೆಯ ಮೇಲೆ ಚುಕ್ಕೆಗಳಿವೆಯಂತೆ," ಸುಹಾಸ ಮರಾಠಿಯಲ್ಲಿ ಗೋಳಾಡಿದರು. "ರೆಟಿನಾ ಸ್ಪೆಶಲಿಸ್ಟ್‌ಗೆ ತೋರಿಸಬೇಕಂತೆ. ಚುಕ್ಕೆ ಅಂದರೆ ಸಣ್ಣ ಮಾತಲ್ಲ ಪಂತ. ನಮ್ಮ ಮಾವಶಿಗೆ ಏನಾಯಿತು ಗೊತ್ತೇ..."

"ಹಳೂ ಬೋಲಾ, ಮೆಲ್ಲಗೆ, ಸುಹಾಸ!" ಮನೋಹರರ ಬಾಯಿಂದ ಮಾತಿಗಿಂತ ನೊರೆಯೇ ಹೆಚ್ಚು ಬಂತು. "ಹೆಂಡತಿಗೆ ಗೊತ್ತಾಗಬಾರದು."

ಗೊತ್ತಾಗಬಾರದೆಂಬುದಕ್ಕೆ ಕಾರಣವಿತ್ತು. ಅನುಸೂಯಾಳ ತಂದೆ ಬೈಲಹೊಂಗಲದಲ್ಲಿ ಇದೇ ಸಕ್ಕರೆಯಿಂದ ಎರಡೂ ಕಣ್ಣು ಕಳೆದುಕೊಂಡಿದ್ದರು. ಕೊನೆಕೊನೆಗೆ ಮೊಮ್ಮಕ್ಕಳನ್ನು ತಲೆ ಸವರಿ ಗುರುತಿಸುತ್ತಿದ್ದರು. ಚುಕ್ಕೆ ಎಂದರೆ ಸಾಕು, ಅವಳು ಅನ್ನ ನೀರು ಬಿಟ್ಟು ಕೂರುವವಳು. ಎರಡನೆಯ ಕಾರಣವೂ ಒಂದಿತ್ತು. ಅದು ಕೊಂಚ ಸಿಹಿ.

"ಏನಂತಾರ್ರಿ ಸುಹಾಸ ಭಾವೂಜಿ?" ಅನುಸೂಯಾ ಬಾಗಿಲಲ್ಲೇ ಕೇಳಿದಳು.

"ಪಾಸ್ ಅಂತ! ಗರುಡನ ಕಣ್ಣು ಅಂದ್ರು."

"ಗರುಡ ಕದ್ದು ಚಾದಾಗ ಸಕ್ಕರಿ ಹಾಕ್ಕೊಳ್ಳೂದಿಲ್ಲರಿ," ಎಂದು ಅವಳು ಹಾಗಲಕಾಯಿ ರಸದ ಲೋಟವನ್ನು ಮುಂದೆ ಹಿಡಿದಳು.

ರೊಟ್ಟಿ ಡಬ್ಬಿ ಹಿಡಿದು, ದಿನದಂತೆ ದೇಹೂ ರೋಡಿನ ಡಿಪೋದ ಕೆಲಸಕ್ಕೆ ಹೊರಟವರ ಹಾಗೆ ಹೊರಟ ಮನೋಹರರು ಮೂಲೆ ತಿರುಗಿ ಸುಹಾಸರ ಸ್ಕೂಟರಿನ ಹಿಂದೆ ಕೂತರು. ಕಣ್ಣಿಗೆ ಹನಿ ಹಾಕುತ್ತಾರೆ, ಜೊತೆಗೆ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಫೋನಿನಲ್ಲೇ ಹೇಳಿದ್ದರು. ದಾರಿಯುದ್ದಕ್ಕೂ ಸುಹಾಸ ತಮ್ಮ ಮಾವಶಿಯ, ಅಂದರೆ ಚಿಕ್ಕಮ್ಮನ, ಕಾಯಿಲೆಯನ್ನು ಅಭಿನಯಿಸಿ ತೋರಿಸಿದರು. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಹ್ಯಾಂಡಲ್ ಬಿಟ್ಟು ಎರಡೂ ಕೈಯಿಂದ ಗಾಳಿಯಲ್ಲಿ ತಡಕಾಡುತ್ತಲೇ ಇದ್ದಾಗ, ಹಿಂದಿನ ಬಸ್ಸು ಆನೆಯಂತೆ ಘೀಳಿಟ್ಟಿತು.

ಚಿಂಚವಡದ ಆಸ್ಪತ್ರೆಯಲ್ಲಿ ನರ್ಸ್ ಆರತಿ ಹನಿ ಹಾಕಿದಳು. ಈರುಳ್ಳಿಗೆ ಕಣ್ಣನ್ನು ಬಾಡಿಗೆ ಕೊಟ್ಟಂತಾಯಿತು.

"ಕಾಕಾ, ಡೋಳೆ ಮಿಟಾ! ಮುಚ್ಚಿದ್ದನ್ನು ನಾನು ಹೇಳುವವರೆಗೆ ತೆಗೆಯಬೇಡಿ."

ಸಾಲಾಗಿ ಕುರ್ಚಿಗಳು, ಸಾಲಾಗಿ ಮುಚ್ಚಿದ ಕಣ್ಣುಗಳು. ಎಲ್ಲರೂ ಧ್ಯಾನಕ್ಕೆ ಕೂತ ಹಾಗಿತ್ತು, ನಡುನಡುವೆ ಒಬ್ಬೊಬ್ಬರು ಸೀನುತ್ತಿದ್ದರು ಅಷ್ಟೆ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಸೀಟಿ. ಗಾಡಿ ಎತ್ತಿಕೊಂಡು ಹೋಗುವ ಪೋಲೀಸರ ಟೆಂಪೋ!

"ಅರೇ, ಮಾಝೀ ಗಾಡೀ!" ಎಂಬ ಸುಹಾಸರ ಕೂಗು ಮೆಟ್ಟಿಲ ಮೇಲಿಂದ ಉರುಳುತ್ತ ಹೋಗಿ ಚಿಂಚವಡದ ಗದ್ದಲದಲ್ಲಿ ಕರಗಿತು.

"ನಿಮ್ಮ ಮನುಷ್ಯ ಎಲ್ಲಿ?" ಆರತಿ ಕೇಳಿದಳು. "ಜೊತೆಗೆ ಯಾರೂ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ."

ಮನೋಹರರು ಕಳ್ಳಗಣ್ಣು ತೆರೆದು ಮೊಬೈಲ್ ನೋಡಿದರು. ಅಕ್ಷರಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಹರಿದಾಡಿದವು. ಅಂದಾಜಿನ ಮೇಲೆ ಒಂದು ಹೆಸರು ಒತ್ತಿ, ಮರಾಠಿಯಲ್ಲಿ ಪಿಸುಗುಟ್ಟಿದರು: "ಗಾಡಿ ಹಾಳಾಗಿ ಹೋಗಲಿ ಸುಹಾಸ, ಎರಡನೇ ಮಹಡಿಗೆ ಬೇಗ ಬನ್ನಿ. ಅವಳ ಕಿವಿಗೆ ಬೀಳುವುದರೊಳಗೆ ಮುಗಿಸಿಬಿಡೋಣ." ಆ ಕಡೆಯಿಂದ ಉತ್ತರವಿಲ್ಲದೆ ಫೋನು ಕಟ್ಟಾಯಿತು. ಪೋಲೀಸರ ಜೊತೆ ಜಗಳದಲ್ಲಿರಬೇಕು ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದರು.

ಆರತಿ ಬಂದು ಇನ್ನೊಂದು ಸುತ್ತು ಹನಿ ಹಾಕಿಹೋದಳು. ಸುಹಾಸರ ಸುಳಿವಿಲ್ಲ. ಬಹಳ ಹೊತ್ತಿನ ಮೇಲೆ ಪಕ್ಕದ ಕುರ್ಚಿಯಲ್ಲಿ ಯಾರೋ ಕೂತರು. ಸೀರೆ ಸರಸರ ಎಂದಿತು. ಹೆದರಿದ ಮನುಷ್ಯನಿಗೆ ಮಾತು ಬೇಕು. ಹೊಸ್ತಿಲಾಚೆಗೆ ಮನೋಹರರ ಮಾತು ಮರಾಠಿ. ಇಬ್ಬರ ಮಾತೂ ಮರಾಠಿಯಲ್ಲೇ ನಡೆಯಿತು, ನಮ್ಮ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿದೆ.

"ನಿಮ್ಮದೂ ಸಕ್ಕರೆಯೇ ಏನು, ವಹಿನಿ?" ಅತ್ತಿಗೆ ಎಂದು ಗೌರವದಿಂದ ಕರೆದು ಕೇಳಿದರು ಮನೋಹರರು.

"ಮನೆಗೆ ಬಂದು ಬಹಳ ವರ್ಷವಾಯಿತು," ಎಂದಿತು ಮೆಲ್ಲನೆಯ ಹೆಣ್ಣುದನಿ.

"ಪಥ್ಯ ಮಾಡುತ್ತೀರಾ?"

"ಪಥ್ಯ ಮಾಡುವವರು ಯಾರಿದ್ದಾರೆ, ಹೇಳಿ?"

ಕಟ್ಟೆಯೊಡೆಯಲು ಅಷ್ಟೇ ಸಾಕಾಯಿತು. "ನನ್ನದೂ ಅದೇ ಕತೆ! ಬೆಳಗಾವಿಯ ಸಹೋದ್ಯೋಗಿಯೊಬ್ಬ ತಿಂಗಳಿಗೊಮ್ಮೆ ಕುಂದಾ ತರುತ್ತಾನೆ. ಡಿಪೋದಲ್ಲಿ ಗಮ್‌ಬೂಟಿನೊಳಗೆ ಇಟ್ಟಿರುತ್ತೇನೆ."

"ಬೂಟಿನೊಳಗೆ ಕುಂದಾ!"

"ಡಬ್ಬಿಯಲ್ಲಿ, ವಹಿನಿ. ಬೂಟೂ ಹೊಸದು. ಮತ್ತೆ ಗುರುವಾರ ಜಿಲೇಬಿ. ದತ್ತ ಗುರುಗಳ ವಾರ ನೋಡಿ, ಅದಕ್ಕೆ ದೋಷವಿಲ್ಲ. ಮನೆಯಲ್ಲಿ ಮಾತ್ರ ಹಾಗಲಕಾಯಿ ರಸ."

"ಅದನ್ನಾದರೂ ಕುಡಿಯುತ್ತೀರಲ್ಲ."

"ಕರಿಬೇವಿನ ಕುಂಡ ಕುಡಿಯುತ್ತದೆ. ಗಿಡ ಬಾಡುತ್ತಿದೆ, ಬಿಸಿಲು ಹೆಚ್ಚಾಯಿತು ಅಂತಾಳೆ ನಮ್ಮ ಹವಾಲ್ದಾರ್."

"ಹವಾಲ್ದಾರ್?"

"ಹೆಂಡತಿ."

"ಕಣ್ಣಿನ ವಿಷಯ ಅವರಿಗೆ ಹೇಳಬಾರದಿತ್ತೇ?"

ಮನೋಹರರ ದನಿ ಇಳಿಯಿತು. "ಅವಳ ಅಪ್ಪನ ಕಣ್ಣು ಹೀಗೇ ಹೋದವು. ಅವಳು ಮತ್ತೆ ಅದನ್ನೇ ನೋಡಬೇಕೇ? ಕುಂದಾ ತಿನ್ನುವಾಗ ಧೈರ್ಯವಿತ್ತು ವಹಿನಿ. ಈಗ ಮುಚ್ಚಿದ ಕಣ್ಣಲ್ಲಿ ಕೂತಾಗ ಅದು ಎಲ್ಲಿ ಹೋಯಿತೋ. ನಾಳೆ ಅವಳ ಮುಖ ಕಾಣದಿದ್ದರೆ, ಅವಳು ಸಿಟ್ಟಾಗಿದ್ದಾಳೋ ನಗುತ್ತಿದ್ದಾಳೋ ಹೇಗೆ ತಿಳಿಯುವುದು?"

ಪಕ್ಕದಲ್ಲಿ ಮೂಗು ಒರೆಸಿಕೊಂಡ ಸದ್ದಾಯಿತು.

"ಹನಿ ಉರಿಯುತ್ತಿದೆಯೇ?"

"ಹೌದು. ಬಹಳ."

"ಮನೋಹರ ಇನಾಮದಾರ!" ಆರತಿ ಕೂಗಿದಳು. "ಬರೋಬರ ಕೋಣ್ ಆಹೇ? ಜೊತೆಗೆ ಯಾರು?"

"ಜೊತೆಗೆ ಬಂದವರು ಗಾಡಿಯ ಹಿಂದೆ..."

"ಮೀ ಆಹೇ ನಾ," ನಾನಿದ್ದೇನಲ್ಲ, ಎಂದಿತು ಪಕ್ಕದ ದನಿ. ಆಮೇಲೆ ಅದೇ ಬಾಯಿಂದ ಅಪ್ಪಟ ಬೈಲಹೊಂಗಲದ ಕನ್ನಡ ಹೊರಟಿತು: "ಏಳ್ರಿ. ಹವಾಲ್ದಾರ್ ಬಂದಾಳ."

ಮನೋಹರರು ಅಪ್ಪಣೆಗೆ ಕಾಯದೆ ಕಣ್ಣು ತೆರೆದರು. ಎದುರಿಗೆ ಗಿಳಿಹಸಿರಿನ ದೊಡ್ಡದೊಂದು ಮಸುಕು. ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಬ್ಬರೊಡನೊಬ್ಬರು ಮರಾಠಿ ಆಡಿದ್ದೇ ಇಲ್ಲ. ತರಕಾರಿ ತರಲು ಭಾಜಿ ಮಂಡಿಗೂ ಅವಳೊಬ್ಬಳೇ ಹೋಗುತ್ತಿದ್ದಳು. ಅವಳ ಮರಾಠಿ ದನಿಯ ಪರಿಚಯ ಮಂಡಿಯವರಿಗೆಲ್ಲ ಇತ್ತು, ಇವರಿಗೊಬ್ಬರಿಗೆ ಇರಲಿಲ್ಲ.

"ಅನೂ! ನಿನಗ ಯಾರು ಹೇಳಿದ್ರು?"

"ನೀವಽ ಫೋನ್ ಮಾಡಿ ಕರದ್ರಲ್ಲರಿ. ಯಾವ ಆಸ್ಪತ್ರಿ ಅಂತ ಸುಹಾಸ ಭಾವೂಜೀನ್ನ ಕೇಳಿದೆ."

"ಮತ್ತ ನಾನು ಅಂತ ಗೊತ್ತಿದ್ದೂ ಮರಾಠಿ ಯಾಕ ಹಚ್ಚಿದಿ?"

"ಮನ್ಯಾಗ ಕನ್ನಡದಾಗ ಖರೇ ಹೇಳಿದ್ರ ನಾ ಯಾಕ ಮರಾಠಿ ಹಚ್ಚತಿದ್ದೆ?"

"ಆದ್ರ ಹನಿ ಉರೀತಾವ ಅಂದಿ?"

"ನನ್ನ ಕಣ್ಣಾಗ ಯಾರೂ ಹನಿ ಹಾಕಿಲ್ಲರಿ," ಎಂದು ಅವಳು ಅವರ ಮೊಣಕೈ ಹಿಡಿದಳು. ಕೈ ತಣ್ಣಗಿತ್ತು.

ಡಾಕ್ಟರು ದೀಪ ಬಿಟ್ಟು ಮೇಲೆ ನೋಡಿ, ಕೆಳಗೆ ನೋಡಿ ಎಂದು ಕಣ್ಣನ್ನು ದಿಕ್ಕುದಿಕ್ಕಿಗೂ ಓಡಾಡಿಸಿದರು. "ಚುಕ್ಕೆ ಇವೆ, ಆದರೆ ಆರಂಭದವು. ಇಂಜೆಕ್ಷನ್ ಬೇಡ, ಲೇಸರ್ ಬೇಡ. ಸಕ್ಕರೆ ಹಿಡಿತದಲ್ಲಿದ್ದರೆ ಒಂದು ವರ್ಷ ಬಿಟ್ಟು ಬನ್ನಿ. ಸಿಹಿ ತಿನ್ನುತ್ತೀರಾ?"

"ಛೇ, ಮುಟ್ಟುವುದೇ ಇಲ್ಲ," ಎಂದರು ಮನೋಹರರು, ಅಭ್ಯಾಸಬಲದಿಂದ.

ಅನುಸೂಯಾ ಗಂಟಲು ಸರಿಮಾಡಿಕೊಂಡಳು. ಗಮ್‌ಬೂಟು, ಗುರುವಾರ, ಕರಿಬೇವಿನ ಕುಂಡ, ಎಲ್ಲವೂ ಸ್ವಚ್ಛ ಮರಾಠಿಯಲ್ಲಿ, ಗಂಡನ ಉಚ್ಚಾರದ ಅಣಕು ಸಮೇತ ಹೊರಬಂದವು. ಡಾಕ್ಟರು ನಗು ತಡೆದುಕೊಂಡು, ಬರೆದದ್ದನ್ನು ಹೊಡೆದುಹಾಕಿದರು. "ಮೂರು ತಿಂಗಳಿಗೊಮ್ಮೆ ಬರಬೇಕು. ವಹಿನಿ, ನೀವೂ ಬರಬೇಕು. ಇವರ ಮಾತಿಗಿಂತ ನಿಮ್ಮ ಮಾತೇ ನನಗೆ ಉಪಯೋಗ."

ಆಸ್ಪತ್ರೆಯ ಬಾಗಿಲಲ್ಲಿ ಸುಹಾಸ ಎದುರಾದರು, ಯುದ್ಧ ಗೆದ್ದವರಂತೆ ಸ್ಕೂಟರ್ ತಳ್ಳುತ್ತ. "ಏನಾಯಿತು ಪಂತ?"

"ಕಣ್ಣು ಉಳೀತು ಭಾವೂಜಿ," ಎಂದಳು ಅನುಸೂಯಾ ಮರಾಠಿಯಲ್ಲಿ.

"ಹಾಗಾದರೆ ಪೇಢೆ!" ಸುಹಾಸ ಎದುರಿನ ಅಂಗಡಿಗೆ ಹಾರಿ ಡಬ್ಬಿ ತಂದೇಬಿಟ್ಟರು. ಮುಚ್ಚಳ ತೆರೆದ ಸದ್ದಾಯಿತು. ಏಲಕ್ಕಿಯ ಘಮ ಮೂಗಿಗೆ ಬಡಿಯಿತು. ಮನೋಹರರಿಗೆ ಕಂಡದ್ದು ಬಿಳಿಯ ಮಂಜು ಮಾತ್ರ. ಮಂಜಿನತ್ತ ಕೈ ಚಾಚಿದರು. ಕೈಯ ಮೇಲೆ ಪಟ್ ಎಂದು ಏಟು ಬಿತ್ತು.

ಎರಡು ಬಾಯಿಗಳು ಪೇಢೆ ಚಪ್ಪರಿಸುವುದನ್ನು ಅವರು ನಿಂತು ಕೇಳಿದರು.

"ಭಾಳ ಛಲೋ ಅದಾವರಿ," ಎಂದಳು ಅನುಸೂಯಾ ತುಂಬಿದ ಬಾಯಲ್ಲಿ. ಒಂದು ಕೈ ಇನ್ನೊಂದು ಪೇಢೆಗೆ ಹೋಗಿತ್ತು, ಇನ್ನೊಂದು ಕೈ ಅವರ ಮೊಣಕೈ ಬಿಟ್ಟಿರಲಿಲ್ಲ. "ಮುಂದ ಮೆಟ್ಟಲಾ ಅದಾವ. ಸಾವಕಾಶ ಇಳೀರಿ."