ಮಾತಾಡುವಷ್ಟು ವೇಗ

ಸೊಂಟದ ಕೊಬ್ಬನ್ನೂ ಗಂಡನ ಮೌನವನ್ನೂ ಒಟ್ಟಿಗೇ ಕರಗಿಸಿಬಿಡುತ್ತೇನೆಂದು ನಾನು ಪಣ ತೊಟ್ಟೆ!

ಇದಕ್ಕೆ ಕಾರಣ ನಮ್ಮ ಡಾಕ್ಟರಮ್ಮ. ಇಬ್ಬರ ರಕ್ತಪರೀಕ್ಷೆಯ ವರದಿ ನೋಡಿ, "ಸೈಕಲ್ ತುಳೀರಿ. ಆದ್ರೆ ಮಾತಾಡ್ತಾ ತುಳಿಯೋಕೆ ಆಗ್ಬೇಕು, ಅಷ್ಟೇ ವೇಗ" ಅಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು! ದಿನಾ ಬೆಳಿಗ್ಗೆ ಗಂಡ ನನ್ನ ಜೊತೆ ಮಾತಾಡಬೇಕು, ಅದೂ ಡಾಕ್ಟರ ಅಪ್ಪಣೆ! ಅಕ್ಕ ತೀರಿಕೊಂಡ ಮೇಲೆ ನನ್ನ ಮಾತುಗಳಿಗೆ ಮನೆಯೇ ಇರಲಿಲ್ಲ. ಸಂಜೆ ಪಾತ್ರೆ ತೊಳೆಯುವಾಗ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಅವಳೊಡನೆ ಹರಟುತ್ತಿದ್ದೆ. ಈಗ ಪಾತ್ರೆಗಳು ಮಾತ್ರ ಉಳಿದಿವೆ.

ಯಜಮಾನರು ಸಿದ್ಧರಾದರು. ಎಂದರೆ, ನಾನು ಒಗೆದ ಟೀ ಶರ್ಟು ತೊಟ್ಟು, ನಾನು ಹುಡುಕಿಕೊಟ್ಟ ಕಾಲುಚೀಲ ಏರಿಸಿ, ನಾನು ತುಂಬಿಸಿದ ನೀರಿನ ಬಾಟಲಿ ಸಿಕ್ಕಿಸಿ, "ನೀನಿನ್ನೂ ರೆಡಿ ಆಗಿಲ್ವಾ?" ಎಂದು ನನ್ನನ್ನೇ ಕೇಳಿದರು.

ಗೇಟು ದಾಟಿದ್ದೇ ತಡ, ಬಿಟ್ಟ ಬಾಣ!

"ರೀ, ನಿಧಾನ! ಮಾತಾಡ್ಕೊಂಡು ಹೋಗ್ಬೇಕು!"

"ಮಾತಾಡು, ಕೇಳಿಸ್ತಿದೆ!" ಎಂದಿತು ಮುಂದಿನ ತಿರುವು.

ಬೆನ್ನಟ್ಟಿದರೆ ಉಸಿರಿಲ್ಲ, ಉಸಿರು ಉಳಿಸಿಕೊಂಡರೆ ಗಂಡನಿಲ್ಲ! ಮನೆಗೆ ಬಂದು ಡಾಕ್ಟರಮ್ಮನ ಮಾತು ನೆನಪಿಸಿದರೆ, "ಬೆವರು ಬರ್ದಿದ್ರೆ ಅದೇನು ವ್ಯಾಯಾಮನೇ?" ಎಂದು ಒದ್ದೆ ಟೀ ಶರ್ಟನ್ನು ಬುಟ್ಟಿಗೆಸೆದರು. ಬುಟ್ಟಿಯಿಂದ ಮುಂದಿನ ವ್ಯಾಯಾಮ ನನ್ನದು.

ಕೆಲವು ದಿನ ಹೀಗೇ ನಡೆದು, ನನಗೂ ಛಲ ಬಂತು. ಮಾತಾಡಿ ಅಂದಿದ್ದಾರೆ, ಯಾರ ಜೊತೆ ಅಂದಿಲ್ಲವಲ್ಲ! ಅಕ್ಕನ ಜೊತೆಗೇ ಮಾತಾಡುತ್ತಾ ತುಳಿದೆ, ಗಟ್ಟಿಯಾಗಿ. ವಾಕಿಂಗ್ ಹೊರಟಿದ್ದ ಅಜ್ಜಿಯೊಬ್ಬರು ಗೋಡೆಗೆ ಅಂಟಿ ದಾರಿ ಬಿಟ್ಟರು. ನಾಯಿಯೊಂದು ಬೊಗಳುವುದನ್ನೇ ಮರೆಯಿತು. ನಾನು ನಿಲ್ಲಿಸಲಿಲ್ಲ.

"ಅಕ್ಕಾ, ಇವರ ಟೀ ಶರ್ಟಿನ ಬೆನ್ನಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ನಂಗೆ ಗೊತ್ತು ಕಣೇ. ನನ್ನ ಮುಖ ಹೇಗಾಗಿದೆ ಅಂತ ಇವರಿಗೆ ಗೊತ್ತಾ? ನೀನು ಹೋದಾಗಿಂದ 'ಊಟ ಆಯ್ತೇನೇ' ಅಂತ ಒಬ್ರೂ ಕೇಳಿಲ್ಲ..."

ಕಣ್ಣು ಮಂಜಾಗಿತ್ತು. ಕಳಚಿದ ಚೈನನ್ನು ಸರಿಮಾಡುತ್ತಾ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಮನುಷ್ಯ ಕಾಣಲೇ ಇಲ್ಲ. ಧಡಾರ್! ನಾನು, ಗಂಡ, ಎರಡು ಸೈಕಲ್ಲು, ಚರಂಡಿಯ ಪಕ್ಕ ಒಂದೇ ರಾಶಿ! ನಾವು ಅಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತೋ!

"ಯಾರ ಜೊತೆ ಮಾತಾಡ್ತಿದ್ದೆ?"

"ಅಕ್ಕನ ಜೊತೆ."

ಅವರ ಮೊಣಕೈ ತರಚಿ ರಕ್ತ ಬಂದಿತ್ತು. ಆದರೂ ಬಯ್ಯಲಿಲ್ಲ. ಇಬ್ಬರೂ ಸೈಕಲ್ ತಳ್ಳುತ್ತಾ, ಮೊದಲ ಸಲ ಜೊತೆಜೊತೆಯಾಗಿ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ನಿಂತು, ನನ್ನ ಮುಖವನ್ನೇ ನೋಡಿದರು.

"ಏನದು? ಹೇಳು."

ಬಾಯಿ ತೆರೆದೆ. ತಿಂಗಳುಗಟ್ಟಲೆ ಕೂಡಿಟ್ಟ ಮಾತುಗಳೆಲ್ಲ ಗಂಟಲಲ್ಲಿ ನೂಕುನುಗ್ಗಲು ಮಾಡಿದವು. ಕೊನೆಗೆ ಹೊರಬಿದ್ದದ್ದು ಒಂದೇ:

"ಬಚ್ಚಲುಮನೆ ನಲ್ಲಿ ತೊಟ್ಟಿಕ್ತಿದೆ."

"ಅಷ್ಟೇನಾ!" ಅವರು ನಿರಾಳವಾಗಿ ಉಸಿರುಬಿಟ್ಟರು. "ಇಷ್ಟಕ್ಕೆ ತೀರಿಹೋದವರನ್ನ ಯಾಕೆ ಎಬ್ಬಿಸ್ದೆ? ನಂಗೇ ಹೇಳಬಾರದಿತ್ತಾ!"