ರಾಕ್ಷಸನಿಗೆ ತೆರೆಯದ ಫೋನು

“ಇನ್ಮೇಲೆ ನನ್ನ ಕೈಯಲ್ಲಿ ಈ ಆಂಡ್ರಾಯ್ಡ್ ಡಬ್ಬಿ ಕಂಡ್ರೆ ನನ್ನ ಹೆಸರು ತಿಮ್ಮಪ್ಪನೇ ಅಲ್ಲ!”

ಹೊಳನಗದ್ದೆಯ ತಿಮ್ಮಪ್ಪ ಪಟಗಾರ ಬೆಳಗಿನ ದೋಸೆಯ ಎದುರು ಕೂತು ಇಂಥದೊಂದು ಭೀಷಣ ಪ್ರತಿಜ್ಞೆ ಮಾಡಿದ. ಆಂಡ್ರಾಯ್ಡಿಗೆ ಅದು ಕೇಳಿಸಿತೋ ಇಲ್ಲವೋ, ಒಲೆಯ ಮುಂದಿದ್ದ ಹೆಂಡತಿ ಮಧುರಾಗೆ ಕೇಳಿಸಿತು.

“ಮತ್ತೆ ಎಂತ ಹೇಳಿ ಕರೀಬೇಕು?”

“ಐಫೋನ್ ತಿಮ್ಮಪ್ಪ ಅಂತ ಕರಿ!”

ತಿಮ್ಮಪ್ಪ ಹಗಲೆಲ್ಲ ಕುಮಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ನಲ್ಲಿ ಮಾರುವವ. ಸಂಜೆಯಾದರೆ ಕರ್ಕಿಯ ಹವ್ಯಾಸಿ ಯಕ್ಷಗಾನ ತಂಡದ ರಾಕ್ಷಸ. ಅವನ ಗಂಟಲಿಗೂ ಹೊಟ್ಟೆಗೂ ಬೇರೆ ಪಾತ್ರ ಹೊಂದುತ್ತಲೇ ಇರಲಿಲ್ಲ. ಕಳೆದ ಆಟದಲ್ಲಿ ಯಾರೋ ಅವನ ವೇಷದ ಫೋಟೊ ಐಫೋನಿನಲ್ಲಿ ತೆಗೆದಿದ್ದರು. ಆಹಾ! ಮುಖದ ಮೇಲಿನ ಒಂದೊಂದು ಬಿಳಿ ಚುಕ್ಕಿಯೂ ಮುತ್ತು! ಅದೇ ಮುಖ ಅವನ ಸ್ವಂತ ಫೋನಿನಲ್ಲಿ ತೆಂಗಿನಕಾಯಿಗೆ ಕುಂಕುಮ ಮೆತ್ತಿದ ಹಾಗೆ ಬಂದಿತ್ತು. ಅಂದಿನಿಂದ ಅವನಿಗೆ ಸಮಾಧಾನವಿಲ್ಲ.

“ಈ ಫೋನಿಗೆ ಎಂತ ಆಗಿದೆ? ಚಂದ ಕೇಳ್ತದೆ. ನಾನು ಬೈದದ್ದೂ ಸರಿಯಾಗಿ ಕೇಳ್ತದೆ” ಎಂದಳು ಮಧುರಾ.

“ಅದೇ ಅದರ ದೋಷ!”

ಮಧುರಾಳ ತಮ್ಮ ಅಜಯನದು ಭಟ್ಕಳದಲ್ಲಿ ಮೊಬೈಲ್ ಅಂಗಡಿ. ಗಂಡಹೆಂಡಿರಿಬ್ಬರೂ ಭಾನುವಾರ ಅಲ್ಲಿಗೆ ಹೋದರು. ಅಜಯ ಬುದ್ಧಿವಂತ. “ಭಾವ, ಈಗಲೇ ತಕೊಳ್ಳೂದು ಬ್ಯಾಡ. ನನ್ನ ಹತ್ರ ಒಂದು ಐಫೋನ್ ಇದೆ. ವಾರ ಬಳಸಿ ನೋಡಿ. ಸರಿ ಕಂಡ್ರೆ ಬದಲಾಯಿಸಿ, ಇಲ್ಲಂದ್ರೆ ವಾಪಸ್ ಕೊಡಿ” ಎಂದು ಸಿಮ್ ತೆಗೆದು ಅದಕ್ಕೆ ಹಾಕಿಕೊಟ್ಟ.

ಆ ಫೋನಿಗೆ ಬೀಗದ ಕೈ ಎಂದರೆ ಯಜಮಾನನ ಮುಖ! ಮುಖ ಪರಿಚಯ ಮಾಡಿಕೊಳ್ಳಲು ಅದು ತಲೆಯನ್ನು ಸುತ್ತಲೂ ತಿರುಗಿಸು ಎಂದಿತು. ತಿಮ್ಮಪ್ಪ ಯಕ್ಷಗಾನದ ಗತ್ತಿನಲ್ಲೇ ಕತ್ತು ತಿರುಗಿಸಿದ. ಅಂಗಡಿಗೆ ಬಂದವರು ಎರಡು ಹೆಜ್ಜೆ ಹಿಂದೆ ಸರಿದರು.

“ಒಂದು ಗುಟ್ಟಿನ ನಂಬರೂ ಹಾಕಿ, ನೆನಪಿಟ್ಕೊಳ್ಳಿ” ಎಂದ ಅಜಯ.

“ಮುಖ ಇರೂವಾಗ ನಂಬರ್ ಎಂತಕ್ಕೆ ಮಾರಾಯ? ಮುಖ ಎಲ್ಲಿಗೆ ಓಡಿಹೋಗ್ತದೆ?” ಎನ್ನುತ್ತ ತಿಮ್ಮಪ್ಪ ಬೆರಳಿಗೆ ಸಿಕ್ಕಿದ ಅಂಕಿಗಳನ್ನು ಒತ್ತಿ ಅಲ್ಲೇ ಮರೆತ.

ಮುಂದಿನ ದಿನಗಳು ಹಬ್ಬ! ಮೊಳೆ ತೂಗುವಾಗ ಒಮ್ಮೆ, ಬಸ್ಸು ಕಾಯುವಾಗ ಒಮ್ಮೆ, ಕಾರಣವಿಲ್ಲದೆ ಹತ್ತಾರು ಬಾರಿ ಮುಖ ತೋರಿಸುವನು. ಫೋನು ಪಕ್ಕನೆ ತೆರೆಯುವುದು. “ನೋಡು, ಎಷ್ಟು ಮರ್ಯಾದಿ! ಮನೆಯಲ್ಲಿ ಬಾಗಿಲು ತೆಗೀಲಿಕ್ಕೆ ನಾಕು ಸಲ ಕೂಗ್ಬೇಕು” ಎಂದು ಹೆಂಡತಿಗೆ ಚುಚ್ಚಿದ. ಫೋನು ಬದಲಾಯಿಸುವುದು ಮುಕ್ಕಾಲು ಪಾಲು ಖಾಯಂ ಆಯಿತು.

ಶನಿವಾರ ಸಂಜೆ ಕರ್ಕಿಯಲ್ಲಿ ಆಟ. ತಿಮ್ಮಪ್ಪ ಮಧ್ಯಾಹ್ನವೇ ಹೋಗಿ ಬಣ್ಣಕ್ಕೆ ಕೂತ. ಕೆಂಪು ಬಳಿದು, ಕಪ್ಪು ತೀಡಿ, ಕೆನ್ನೆಯ ಸುತ್ತ ಅಕ್ಕಿ ಹಿಟ್ಟಿನ ಚುಕ್ಕಿ ಇಟ್ಟು ಎದ್ದಾಗ ಕನ್ನಡಿಯೇ ಬೆಚ್ಚಿತು! ಆಗಲೇ ಭಾಗವತರು ಓಡಿಬಂದರು.

“ತಿಮ್ಮಪ್ಪ, ಚಂಡೆಯ ದುರ್ಗ ಬರ್ಲೇ ಇಲ್ಲ! ಭಟ್ಕಳದಿಂದ ಅವನನ್ನ ಕರೆಸ್ದವ ನೀನು. ಫೋನ್ ಹಚ್ಚು!”

ತಿಮ್ಮಪ್ಪ ಫೋನಿಗೆ ಕೈ ಹಾಕಿದ. ಚಂಡೆಯಿಲ್ಲದೆ ರಾಕ್ಷಸ ರಂಗಕ್ಕೆ ಬಂದರೆ ನೆಂಟರ ಮನೆಗೆ ಬಂದಂತಿರುತ್ತದೆ! ಫೋನು ನೋಡಿದರೆ ಸಾಲುಸಾಲು ಸಂದೇಶ ಬಂದು ಬಿದ್ದಿವೆ. ಯಾರದು, ಏನು, ಒಂದೂ ಕಾಣದು. ಯಜಮಾನ ಮುಖ ತೋರಿಸಿದ ಮೇಲೆಯೇ ಓದಗೊಡುವ ಫೋನು ಅದು!

“ದುರ್ಗಂದೇ! ಎಂತ ಅನಾಹುತ ಆತೋ!” ಎಂದು ತಿಮ್ಮಪ್ಪ ಫೋನಿಗೆ ಮುಖವೊಡ್ಡಿದ. ಫೋನು ಮಿಸುಕಲಿಲ್ಲ. ನಕ್ಕ. ಇಲ್ಲ. ಹುಬ್ಬು ಇಳಿಸಿದ. ಇಲ್ಲ. “ಹೋಯ್, ನಾನು ಮಾರಾಯ, ತಿಮ್ಮಪ್ಪ!” ಎಂದು ಗೋಗರೆದ. ಲೋಕವನ್ನೆಲ್ಲ ನಡುಗಿಸಬೇಕಾದ ರಾಕ್ಷಸ ಅಂಗೈಯಗಲದ ಫೋನಿನೆದುರು ಕೈ ಮುಗಿದು ನಿಂತ!

ನಂಬರ್ ಒತ್ತು ಎಂದಿತು ಫೋನು. ಮದುವೆಯ ತಾರೀಕು ಒತ್ತಿದ. ತಪ್ಪು. ಮಧುರಾಳ ಹುಟ್ಟಿದ ದಿನ? ಅದು ಫೋನಿಗಿರಲಿ, ಅವನಿಗೇ ಗೊತ್ತಿರಲಿಲ್ಲ! ತೋಚಿದ್ದೆಲ್ಲ ಒತ್ತಿದ. ಸಿಟ್ಟಾದ ಫೋನು, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದಿತು.

“ನನ್ನ ಫೋನಿಂದ ಹಚ್ಚು” ಎಂದರು ಭಾಗವತರು.

“ನಂಬರ್ ಇದರೊಳಗೇ ಉಳೀತಲಾ!”

“ಹೆಂಡ್ತಿಗಾದ್ರೂ ಮಾಡು. ಅವಳ ಹತ್ರ ಇರೂ ನಿನ್ನ ಹಳೇ ಫೋನಲ್ಲಿ ದುರ್ಗನ ನಂಬರ್ ಇರ್ತದಲ್ಲ?”

ತಿಮ್ಮಪ್ಪನಿಗೆ ಹೆಂಡತಿಯ ನಂಬರೂ ಬಾಯಿಪಾಠ ಇರಲಿಲ್ಲ.

ದುರ್ಗನನ್ನು ಹುಡುಕಲು ಇಬ್ಬರು ಹೆದ್ದಾರಿಯತ್ತ ಓಡಿದರು. ಅತ್ತ ಜನ ಸೇರುತ್ತಿದ್ದರು. ತಿಮ್ಮಪ್ಪ ಒಂದು ಮಹಾತ್ಯಾಗಕ್ಕೆ ಸಿದ್ಧನಾದ. ಕೊಬ್ಬರಿ ಎಣ್ಣೆ ತಂದು, ಅರ್ಧ ದಿನದ ಶ್ರಮವನ್ನೆಲ್ಲ ಬಸಬಸ ಉಜ್ಜಿ ಒರೆಸಿ, ಅಸಲಿ ಮುಖ ಹೊತ್ತು ಫೋನಿನ ಎದುರು ನಿಂತ.

ಫೋನು ಏನೆಂದಿತು ಗೊತ್ತೇ? ಎಷ್ಟೋ ಸಲ ಅಪರಿಚಿತ ಮುಖ ಬಂದು ಕಾಡಿದ್ದರಿಂದ ಇನ್ನು ಮುಖ ಬೇಡವೇ ಬೇಡ, ನಂಬರನ್ನೇ ಕೊಡು!

ಬಣ್ಣವೂ ಹೋಯಿತು, ಫೋನೂ ತೆರೆಯಲಿಲ್ಲ! ತಿಮ್ಮಪ್ಪ ವೇಷದ ಪೆಟ್ಟಿಗೆಯ ಮೇಲೆ ಕೂತ. ಆಗ ಪರದೆ ಸರಿಸಿ ಮಧುರಾ ಬಂದಳು. ಹಿಂದೆಯೇ ಕುತ್ತಿಗೆಗೆ ಚಂಡೆ ತೂಗುಹಾಕಿಕೊಂಡು, ಬಾಯೊರೆಸುತ್ತ, ಸಾಕ್ಷಾತ್ ದುರ್ಗ!

“ಎಷ್ಟು ಮೆಸೇಜ್ ಹಾಕ್ದೆ, ನೋಡ್ಲಿಲ್ವ? ದುರ್ಗಣ್ಣ ನಂಗೆ ಕರ್ಕಿ ನಾಕಾದ ಹೋಟ್ಲಲ್ಲೇ ಸಿಕ್ಕಿದ್ರು. ಬಜ್ಜಿ ತಿಂದ್ಕಂಡು ಬತ್ರು, ಗಾಬರಿ ಬ್ಯಾಡ ಅಂತ ಹಾಕಿದ್ದೆ... ಅಯ್ಯೋ! ನಿಮ್ಮ ಮುಖಕ್ಕೆ ಎಂತ ಆತು? ಬಣ್ಣದ ಫೋಟೊ ತೆಗೆದು ಕಳ್ಸಿ ಅಂತಲೂ ಹಾಕಿದ್ದೆ!”

ತಿಮ್ಮಪ್ಪ ಫೋನು ಚಾಚಿದ. ಅವಳು ಪಟಪಟ ಅಂಕಿ ಒತ್ತಿದಳು. ತೆರೆಯಿತು!

“ನಿಂಗೆ ಹೆಂಗೆ ಗೊತ್ತು?”

“ನಂಬರ್ ಒತ್ತೂವಾಗ ನೀವು ದೊಡ್ಡದಾಗಿ ಹೇಳಿದ್ರಲ್ಲ! ಭಟ್ಕಳ ಪ್ಯಾಟೆಗೆಲ್ಲ ಗೊತ್ತುಂಟು!”

ಮತ್ತೆ ಬಣ್ಣ ಹಚ್ಚಲು ಹೊತ್ತಿರಲಿಲ್ಲ. ಕಾಡಿಗೆಯಲ್ಲೊಂದು ಮೀಸೆ ಎಳೆದುಕೊಂಡು ರಂಗಕ್ಕೆ ಹಾರಿದ. ದುರ್ಗನ ಚಂಡೆ ಗುಡುಗಿತು, ತಿಮ್ಮಪ್ಪ ಅಬ್ಬರಿಸಿದ. ಮುಂದಿನ ಸಾಲಿನಲ್ಲಿದ್ದ ಗಣಪಿ ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇಂವ ರಾಕ್ಷಸ ಅಲ್ದೋ, ರಾಕ್ಷಸನ ಮನೆಗೆ ನಲ್ಲಿ ರಿಪೇರಿಗೆ ಬಂದವ!” ಆ ನಗೆ ಹೊನ್ನಾವರದ ಸೇತುವೆಯವರೆಗೂ ಕೇಳಿಸಿರಬೇಕು.

ಮರುದಿನ ಭಟ್ಕಳದಲ್ಲಿ ಅಜಯ ನಗುತ್ತ ಕೇಳಿದ: “ಎಂತ ಆತು ಭಾವ? ಬದಲಾಯಿಸೂದೋ?”

“ಬ್ಯಾಡ ಮಾರಾಯ! ನಂಗೆ ಆ ಹಳೇದೇ ಸಾಕು. ಯಜಮಾನನ ಗುರುತೇ ಸಿಗದ ಫೋನು ಕಟ್ಕಂಡು ಎಂತ ಮಾಡೂದು?” ಎಂದು ತಿಮ್ಮಪ್ಪ ಫೋನನ್ನು ಕಟ್ಟೆಯ ಮೇಲಿಟ್ಟ.

ಇಟ್ಟ ಕೂಡಲೇ ಮಧುರಾ ಅದನ್ನೆತ್ತಿ ತನ್ನ ಚೀಲಕ್ಕೆ ಸೇರಿಸಿದಳು.

“ಹೋಯ್, ಎಂತ ಮಾಡ್ತೆ? ಬ್ಯಾಡ ಅಂದವಳು ನೀನೇ ಅಲ್ವ?”

“ಆಗ ಅದರ ಗುಣ ಗೊತ್ತಿರ್ಲಿಲ್ಲ” ಎಂದಳು ಮಧುರಾ ತಣ್ಣಗೆ. “ನೀವು ಎಷ್ಟು ಬಣ್ಣ ಹಚ್ಚಿ ಬಂದ್ರೂ ನಂಬೂದಿಲ್ಲ ಅಲ್ದಾ? ಹಾಗೆ ನಂಬದವಳು ಮನೆಯಲ್ಲಿ ನಾನೊಬ್ಬಳೇ ಇದ್ದೆ, ಇನ್ನು ಜೊತೆಗೊಂದು ಆತು!”